ಜನಸಾಮಾನ್ಯರ ಗಣಕಯಂತ್ರ

ಉಪಕರಣದ ಯೋಗ್ಯತೆಯನ್ನು ಅದರ ಬೆಲೆಯಿಂದಾಗಲಿ ಹೊಳಪಿನಿಂದಾಗಲಿ ಅಳೆಯಲಾಗದು. ಅದು ಯಾರ ಕೈಗೆ ಒಗ್ಗುತ್ತದೆ, ಯಾರ ಕೆಲಸವನ್ನು ಹಗುರಗೊಳಿಸುತ್ತದೆ ಎಂಬುದೇ ಅದಕ್ಕೆ ನಿಜವಾದ ಒರೆಗಲ್ಲು. ಬೆಳಗಾವಿ ಜಿಲ್ಲೆಯ ಯರಗಟ್ಟಿಯ ಸುತ್ತಣ ಎರೆನೆಲದಲ್ಲಿ ಜೋಳ, ಕಡಲೆಗಳನ್ನು ಬಿತ್ತುವ ರೈತನಿಗೆ ಕೂರಿಗೆ ಎಷ್ಟು ಅಗತ್ಯವೋ, ಮಲೆನಾಡಿನ ಕೆಸರುಗದ್ದೆಯಲ್ಲಿ ನಾಟಿ ಮಾಡುವ ರೈತನಿಗೆ ಅದು ಅಷ್ಟೇ ನಿರುಪಯುಕ್ತ. ನೆಲದ ಗುಣವನ್ನೂ ದುಡಿಯುವವನ ಅನುಕೂಲವನ್ನೂ ಅರಿತು ನಮ್ಮ ಹಿರಿಯರು ರಂಟೆ, ಕುಂಟೆ, ಕೂರಿಗೆಗಳನ್ನು ರೂಪಿಸಿದರು. ಆದುದರಿಂದಲೇ ಅವು ನೂರಾರು ವರ್ಷಗಳ ಕಾಲ ಬಾಳಿದವು.

ನಮ್ಮ ಕಾಲದ ಅತ್ಯಂತ ಮುಖ್ಯವಾದ ಉಪಕರಣ ಗಣಕಯಂತ್ರ. ಅದನ್ನೂ ಹೀಗೆಯೇ ನಮ್ಮ ನೆಲಕ್ಕೆ, ನಮ್ಮ ಜನರ ಕೈಗೆ ಒಗ್ಗುವಂತೆ ರೂಪಿಸಲು ಸಾಧ್ಯವೆ? ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಕೆಲವು ಮಂದಿ ವಿಜ್ಞಾನಿಗಳೂ ಎಂಜಿನಿಯರುಗಳೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರು ಕೊಟ್ಟ ಉತ್ತರವೇ ‘ಸಿಂಪ್ಯೂಟರ್’ ಎಂಬ ಪುಟ್ಟ ಗಣಕ. ಅದು ಇಂದು ಮಾರುಕಟ್ಟೆಯಲ್ಲಿಲ್ಲ. ಆದರೂ ಅದನ್ನು ಇಂದಿನ ಲ್ಯಾಪ್‌ಟಾಪಿನೊಡನೆ ಹೋಲಿಸಿ ನೋಡಿದರೆ ಗಣಕಯಂತ್ರದ ಬೆಳವಣಿಗೆ ಎಂದರೇನು ಎಂಬುದು ನಮಗೆ ಸ್ಪಷ್ಟವಾಗುತ್ತದೆ.

ಮೊದಮೊದಲ ಗಣಕಯಂತ್ರಗಳನ್ನು ಹೊತ್ತೊಯ್ಯುವ ಮಾತೇ ಇರಲಿಲ್ಲ. 1946ರಲ್ಲಿ ಅಮೆರಿಕದಲ್ಲಿ ಲೋಕಾರ್ಪಣೆಯಾದ ‘ಎನಿಯಾಕ್’ ಒಂದು ದೊಡ್ಡ ಕೋಣೆಯನ್ನೇ ಆಕ್ರಮಿಸಿಕೊಂಡಿತ್ತು. ಅದರ ತೂಕ ಸುಮಾರು 30 ಟನ್ನುಗಳಷ್ಟು. 1971ರಲ್ಲಿ ಮೈಕ್ರೊಪ್ರೊಸೆಸರ್ ಮಾರುಕಟ್ಟೆಗೆ ಬಂದಿತು. ಲೆಕ್ಕ ಮಾಡುವ ಅಂಗಗಳೆಲ್ಲವೂ ಬೆರಳ ಉಗುರಿನಷ್ಟು ಅಗಲದ ಸಿಲಿಕಾನ್ ತುಣುಕಿನಲ್ಲಿ ಅಡಗಿದ ಮೇಲೆ ಗಣಕದ ಗಾತ್ರ ವೇಗವಾಗಿ ಕುಗ್ಗತೊಡಗಿತು. 1981ರಲ್ಲಿ ‘ಆಸ್ಬರ್ನ್ 1’ ಎಂಬ ಗಣಕವು ಹಿಡಿಕೆಯುಳ್ಳ ಪೆಟ್ಟಿಗೆಯ ರೂಪದಲ್ಲಿ ಹೊರಬಂದಿತು. ಅದನ್ನು ಎತ್ತಿಕೊಂಡು ಹೋಗಬಹುದಾಗಿತ್ತು ಎಂಬುದೇನೋ ನಿಜ; ಆದರೆ ಅದರ ತೂಕ ಸುಮಾರು 11 ಕಿಲೋಗ್ರಾಂ! ಅದರ ಪರದೆ ಕೇವಲ 5 ಅಂಗುಲದ್ದು. ಹೋದೆಡೆಯಲ್ಲೆಲ್ಲ ಅದಕ್ಕೆ ವಿದ್ಯುತ್ ಸಂಪರ್ಕ ಬೇಕೇ ಬೇಕಾಗಿತ್ತು.

ಎರಡೇ ವರ್ಷಗಳಲ್ಲಿ, ಅಂದರೆ 1983ರಲ್ಲಿ, ‘ಟಿ.ಆರ್.ಎಸ್.-80 ಮಾಡೆಲ್ 100’ ಎಂಬ ಚಪ್ಪಟೆಯಾದ ಗಣಕವು ಬಂದಿತು. ಗಡಿಯಾರ, ಟಾರ್ಚುಗಳಿಗೆ ಹಾಕುವಂತಹ ನಾಲ್ಕು ಸಣ್ಣ ಸೆಲ್ಲುಗಳಿಂದಲೇ ಅದು ಸುಮಾರು 20 ಗಂಟೆಗಳ ಕಾಲ ಕೆಲಸ ಮಾಡುತ್ತಿತ್ತು. ಪರದೆಯ ಮೇಲೆ ಮೂಡುತ್ತಿದ್ದುದು ಎಂಟು ಸಾಲುಗಳು ಮಾತ್ರ. ಆದರೂ ಊರೂರು ಅಲೆದು ಸುದ್ದಿ ಬರೆಯುವ ಪತ್ರಕರ್ತರು ಅದನ್ನು ಬಹುವಾಗಿ ಮೆಚ್ಚಿದರು. ಮುಂದೆ 1996ರಲ್ಲಿ ಜಪಾನಿನ ತೋಷಿಬಾ ಸಂಸ್ಥೆಯು ‘ಲಿಬ್ರೆಟ್ಟೊ’ ಎಂಬ ಗಣಕವನ್ನು ಹೊರತಂದಿತು. ನೋಟ್‌ಬುಕ್ ಗಾತ್ರದ ಗಣಕಗಳಿಗಿಂತಲೂ ಚಿಕ್ಕದಾದ ಇಂತಹವನ್ನು ‘ಸಬ್‌ನೋಟ್‌ಬುಕ್’ ಎಂದು ಕರೆಯುವುದು ವಾಡಿಕೆ. ಮೊದಲ ಲಿಬ್ರೆಟ್ಟೊದ ತೂಕ ಸುಮಾರು 850 ಗ್ರಾಂ. ಅಂದರೆ ಇಂದಿನ ಬಹುಪಾಲು ಲ್ಯಾಪ್‌ಟಾಪುಗಳಿಗಿಂತಲೂ ಅದು ಹಗುರ. ದಪ್ಪ ದಿನಚರಿ ಪುಸ್ತಕದಷ್ಟಿದ್ದ ಅದರ ಒಡಲಲ್ಲಿ 6.1 ಅಂಗುಲದ ಬಣ್ಣದ ಪರದೆ, ಪುಟ್ಟ ಕೀಲಿಮಣೆ, 8 ಮೆಗಾಬೈಟ್ ಸ್ಮೃತಿ ಹಾಗೂ 270 ಮೆಗಾಬೈಟ್ ಸಂಗ್ರಹ ಇವೆಲ್ಲವೂ ಅಡಕವಾಗಿದ್ದವು.

ಇವೆಲ್ಲ ಬುದ್ಧಿವಂತಿಕೆಯ ಸೃಷ್ಟಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವನ್ನು ರೂಪಿಸಿದವರ ಕಣ್ಣ ಮುಂದಿದ್ದವನು ಯಾರು? ದೂರ ಪ್ರಯಾಣ ಮಾಡುವ ವ್ಯಾಪಾರಿ, ಅಧಿಕಾರಿ, ಪತ್ರಕರ್ತ. ಅವನಿಗೆ ಸ್ವಂತ ಗಣಕ ಕೊಳ್ಳುವ ಶಕ್ತಿ ಉಂಟು. ಅವನು ಓದು ಬರಹ ಬಲ್ಲವನು. ಅವನ ಬರಹ ಇಂಗ್ಲಿಷಿನಲ್ಲಿಯೋ ಜಪಾನಿಯಲ್ಲಿಯೋ ಇರುವಂಥದು. ಯರಗಟ್ಟಿಯ ಸಂತೆಗೆ ಬರುವ ರೈತನ ಚಿತ್ರವಾಗಲಿ, ಸ್ವಸಹಾಯ ಸಂಘದ ಲೆಕ್ಕವನ್ನು ನೆನಪಿನಲ್ಲಿಯೇ ಇಟ್ಟುಕೊಳ್ಳುವ ಹೆಣ್ಣುಮಗಳ ಚಿತ್ರವಾಗಲಿ ಆ ಶಿಲ್ಪಿಗಳ ಮನಸ್ಸಿನಲ್ಲಿ ಇರಲಿಲ್ಲ. ಅದು ಅವರ ದೋಷವಲ್ಲ. ತನ್ನ ನೆರೆಯವರ ಅಗತ್ಯವನ್ನು ತಾನೇ ಚೆನ್ನಾಗಿ ಬಲ್ಲವನು ತನ್ನ ನೆರೆಗೆ ಬೇಕಾದುದನ್ನು ಮಾಡುತ್ತಾನೆ. ನಮ್ಮ ನೆರೆಯವರಿಗಾಗಿ ನಾವೇ ಯೋಚಿಸಬೇಕಾಗಿತ್ತು.

ಆ ಅಗತ್ಯವಾದರೂ ಎಂಥದು? ಒಂದು ಉದಾಹರಣೆಯನ್ನು ನೋಡೋಣ. ಯರಗಟ್ಟಿ ಇಂದು ತಾಲ್ಲೂಕು ಕೇಂದ್ರವಾಗಿದೆ; ಅದಕ್ಕೆ ಮೊದಲು ಅದು ಸವದತ್ತಿ ತಾಲ್ಲೂಕಿಗೆ ಸೇರಿತ್ತು. ಬೆಳೆಸಾಲ ಬೇಕಾದ ರೈತನು ತನ್ನ ಹೊಲದ ಉತಾರವನ್ನು ಹಾಜರುಪಡಿಸಬೇಕು. ಹೊಲ ಯಾರದು, ಅದರ ವಿಸ್ತೀರ್ಣವೆಷ್ಟು, ಈ ವರ್ಷ ಅದರಲ್ಲಿ ಯಾವ ಬೆಳೆ ಇದೆ ಎಂಬುದನ್ನು ಹೇಳುವ ಈ ಕಾಗದವನ್ನು ರಾಜ್ಯದ ಬೇರೆಡೆಗಳಲ್ಲಿ ಪಹಣಿ ಎನ್ನುತ್ತಾರೆ. ಹಿಂದೆ ಇದನ್ನು ಕೈಬರಹದಲ್ಲಿ ಬರೆದು ಕಾಪಾಡುತ್ತಿದ್ದವನು ಊರಿನ ತಲಾಠಿ. ಅವನು ಸಿಗದ ದಿನ ಕೆಲಸ ನಿಲ್ಲುತ್ತಿತ್ತು. ಹಳೆಯ ಬರಹದಲ್ಲಿ ಒಂದು ಅಂಕೆ ತಪ್ಪಿದ್ದರೆ ಅದನ್ನು ತಿದ್ದಿಸಲು ರೈತ ಕಚೇರಿಗಳಿಗೆ ಅಲೆಯಬೇಕಾಗುತ್ತಿತ್ತು. ಮಾಹಿತಿ ಇತ್ತು, ಆದರೆ ಅದು ಯಾರ ಬಾಳಿಗೆ ಸಂಬಂಧಿಸಿತ್ತೋ ಅವರ ಕೈಗೆ ಎಟುಕುತ್ತಿರಲಿಲ್ಲ. ಓದು ಬಾರದವನಿಗಂತೂ ಕೈಗೆ ಬಂದ ಉತಾರವನ್ನೂ ಇನ್ನೊಬ್ಬರು ಓದಿ ಹೇಳಬೇಕಾಗಿತ್ತು.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಮಾಹಿತಿ ತಂತ್ರಜ್ಞಾನವನ್ನು ಕುರಿತ ಒಂದು ಅಂತರರಾಷ್ಟ್ರೀಯ ವಿಚಾರಸಂಕಿರಣ ನಡೆಯಿತು. ಹಿಂದುಳಿದ ದೇಶಗಳ ಜನರಿಗೆ ಈ ತಂತ್ರಜ್ಞಾನದ ಫಲ ದೊರೆಯುವುದು ಹೇಗೆ ಎಂಬುದು ಅಲ್ಲಿನ ಮುಖ್ಯ ಚರ್ಚೆ. ಸಿಂಪ್ಯೂಟರಿನ ಕಲ್ಪನೆ ಮೊಳಕೆಯೊಡೆದದ್ದು ಅಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್ ಮತ್ತು ರಮೇಶ್ ಹರಿಹರನ್, ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್ ಮತ್ತು ಮಾರ್ಕ್ ಮಥಾಯಸ್ ಈ ಏಳು ಮಂದಿ ಸೇರಿ 1999ರ ನವೆಂಬರಿನಲ್ಲಿ ‘ಸಿಂಪ್ಯೂಟರ್ ಟ್ರಸ್ಟ್’ ಎಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿದರು. ಸರಳವಾದ, ಅಗ್ಗವಾದ, ಹಲವು ಭಾಷೆಗಳನ್ನು ಬಲ್ಲ ಜನರ ಗಣಕ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಅದಕ್ಕೆ ಆ ಹೆಸರು ಬಂದಿತು. 2001ರ ಏಪ್ರಿಲಿನಲ್ಲಿ ಅದರ ಮೊದಲ ಮಾದರಿಯನ್ನು ಪ್ರದರ್ಶಿಸಲಾಯಿತು.

ಸಿಂಪ್ಯೂಟರಿಗೆ ಕೀಲಿಮಣೆ ಇರಲಿಲ್ಲ. ಆದುದರಿಂದ ಅದನ್ನು ಕಟ್ಟುನಿಟ್ಟಾಗಿ ಸಬ್‌ನೋಟ್‌ಬುಕ್ ಎನ್ನಲಾಗದು. ಅದು ಅದೇ ಮನೆತನದ ಕಿರಿಯ ಕುಡಿ. ಅಂಗೈಯಲ್ಲಿ ಹಿಡಿಯಬಹುದಾದ ಚಪ್ಪಟೆಯಾದ ಒಂದು ಪೆಟ್ಟಿಗೆ. ಅದರ ಮುಖದ ಬಹುಭಾಗವನ್ನು ಆವರಿಸಿದ, ಸ್ಪರ್ಶವನ್ನು ಅರಿಯುವ ಪರದೆ. ಆ ಪರದೆಯ ಮೇಲೆ ಗುರುತು ಮಾಡಲು ಮಸಿಯಿಲ್ಲದ ಒಂದು ಕಡ್ಡಿ. ಕೆಲಸಗಳನ್ನು ಚಿತ್ರಗಳ ಮೂಲಕ ತೋರಿಸಲಾಗುತ್ತಿತ್ತು. ಬೇಕಾದ ಚಿತ್ರವನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು, ಆ ಕೆಲಸ ಆರಂಭವಾಗುತ್ತಿತ್ತು. ಸೆಕೆಂಡಿಗೆ 20 ಕೋಟಿ 60 ಲಕ್ಷ ಬಾರಿ, ಅಂದರೆ 206 ಮೆಗಾಹರ್ಟ್ಸ್ ವೇಗದಲ್ಲಿ, ಮಿಡಿಯುವ ‘ಸ್ಟ್ರಾಂಗ್‌ಆರ್ಮ್’ ಎಂಬ ಸಂಸ್ಕಾರಕ ಅದರ ಹೃದಯವಾಗಿತ್ತು. 64 ಮೆಗಾಬೈಟ್‌ವರೆಗಿನ ಸ್ಮೃತಿಯೂ 32 ಮೆಗಾಬೈಟ್‌ಗಳಷ್ಟು ಸಂಗ್ರಹವೂ ಅದಕ್ಕಿದ್ದವು. ದೂರವಾಣಿ ತಂತಿಯ ಮೂಲಕ ಹೊರಜಗತ್ತಿನೊಡನೆ ಸಂಪರ್ಕ ಕಲ್ಪಿಸಬಹುದಾಗಿತ್ತು. ಯಾರು ಬೇಕಾದರೂ ಪಡೆದು, ಪರಿಶೀಲಿಸಿ, ತಿದ್ದಿಕೊಳ್ಳಬಹುದಾದ ‘ಲಿನಕ್ಸ್’ ತಂತ್ರಾಂಶದಿಂದ ಅದು ನಡೆಯುತ್ತಿತ್ತು.

ಅಗ್ಗವೆಂದರೂ ಅದು ಪ್ರತಿಯೊಬ್ಬ ಹಳ್ಳಿಗನಿಗೆ ಕೊಳ್ಳಲಾಗುವಷ್ಟು ಅಗ್ಗವಾಗಿರಲಾರದು ಎಂಬುದನ್ನು ಅದರ ನಿರ್ಮಾಪಕರು ಬಲ್ಲವರಾಗಿದ್ದರು. ಆದುದರಿಂದ ಅವರು ಒಂದು ಗಣಕವನ್ನು ಇಡೀ ಊರು ಹಂಚಿಕೊಂಡು ಬಳಸುವ ಉಪಾಯವನ್ನು ಯೋಚಿಸಿದರು. ಸಿಂಪ್ಯೂಟರಿನಲ್ಲಿ ‘ಸ್ಮಾರ್ಟ್ ಕಾರ್ಡ್’ ಎಂಬ ಚೀಟಿಯನ್ನು ಸೇರಿಸುವ ಒಂದು ಸೀಳು ಇತ್ತು. ಒಬ್ಬೊಬ್ಬರ ಲೆಕ್ಕಪತ್ರವೂ ಅವರವರ ಚೀಟಿಯಲ್ಲಿಯೇ ಉಳಿಯುತ್ತಿತ್ತು. ಯಂತ್ರ ಪಂಚಾಯಿತಿಯದೋ ಸಂಘದ್ದೋ ಆಗಿರಬಹುದು. ಚೀಟಿ ಮಾತ್ರ ನನ್ನದು. ನನ್ನ ಚೀಟಿಯನ್ನು ಸೇರಿಸಿದಾಗ ಅದು ನನ್ನ ಗಣಕ, ನೆರೆಮನೆಯವಳು ತನ್ನ ಚೀಟಿಯನ್ನು ಸೇರಿಸಿದಾಗ ಅದು ಅವಳ ಗಣಕ. ಊರಿಗೊಂದು ಬಾವಿ ಇದ್ದು, ಕೊಡ ಮಾತ್ರ ಅವರವರದಾಗಿರುವಂತೆ. ಇಂದಿನ ಲ್ಯಾಪ್‌ಟಾಪು ‘ನನ್ನದು’ ಎಂಬ ಭಾವದ ಮೇಲೆ ನಿಂತಿದೆ. ಸಿಂಪ್ಯೂಟರು ‘ನಮ್ಮದು’ ಎಂಬ ಭಾವದ ಮೇಲೆ ನಿಂತಿತ್ತು.

ಸಿಂಪ್ಯೂಟರಿನ ಮುಂದಿದ್ದ ದೊಡ್ಡ ಸವಾಲು ಭಾಷೆಯದು. ಕನ್ನಡ ಬರಹವನ್ನು ಗಣಕಕ್ಕೆ ಕಲಿಸುವುದು ಇಂಗ್ಲಿಷನ್ನು ಕಲಿಸಿದಷ್ಟು ಸುಲಭವಲ್ಲ. ‘ಯರಗಟ್ಟಿ’ ಎಂಬ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರಗಳು: ಯ, ರ, ಗ, ಟ್ಟಿ. ಆದರೆ ಇಂದು ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಂತೆ ಗಣಕದ ಸ್ಮೃತಿಯಲ್ಲಿ ಅದು ಏಳು ಸಂಕೇತಗಳಾಗಿ ಕುಳಿತಿರುತ್ತದೆ. ಯ, ರ, ಗ ಎಂಬ ಮೂರು. ಆಮೇಲೆ ಟ, ಹಲಂತ, ಇನ್ನೊಂದು ಟ. ಕೊನೆಗೆ ಇಕಾರದ ಗುಣಿತ ಚಿಹ್ನೆ. ಹೇಳುವಾಗ ಎಲ್ಲಕ್ಕಿಂತ ಕೊನೆಗೆ ಬರುವ ಇಕಾರವು ಬರೆಯುವಾಗ ಮೇಲಿನ ಟಕಾರದ ನೆತ್ತಿಯನ್ನು ಸೇರಬೇಕು. ಎರಡನೆಯ ಟಕಾರವು ಒತ್ತಾಗಿ ಕೆಳಗೆ ಇಳಿಯಬೇಕು. ಈ ಜೋಡಣೆಯನ್ನು ಗಣಕವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಡಬೇಕು. ಇಂಗ್ಲಿಷಿನಂತೆ ಅಕ್ಷರಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟುಕೊಂಡು ಹೋದರೆ ಕನ್ನಡವಾಗುವುದಿಲ್ಲ. ಲಿಬ್ರೆಟ್ಟೊದಂತಹ ಯಂತ್ರಗಳಲ್ಲಿ ಈ ವಿದ್ಯೆಯನ್ನು ಅಳವಡಿಸಿಯೇ ಇರಲಿಲ್ಲ. ಸಿಂಪ್ಯೂಟರಿನಲ್ಲಿ ಭಾರತೀಯ ಭಾಷೆಗಳು ಆರಂಭದಿಂದಲೇ ವಿನ್ಯಾಸದ ಅಂಗವಾಗಿದ್ದವು.

ಬರಹ ಮೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಓದು ಬಾರದವರಿಗೆ ಅದರಿಂದ ಪ್ರಯೋಜನವೇನು? ಇದಕ್ಕಾಗಿ ರಮೇಶ್ ಹರಿಹರನ್ ಅವರು ‘ಧ್ವನಿ’ ಎಂಬ ತಂತ್ರಾಂಶವನ್ನು ಆರಂಭಿಸಿದರು. ಪರದೆಯ ಮೇಲಿನ ಬರಹವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಇಲ್ಲಿ ನಮ್ಮ ಲಿಪಿಯ ಗುಣವೇ ನೆರವಿಗೆ ಬಂದಿತು. ಇಂಗ್ಲಿಷಿನಲ್ಲಿ ಒಂದೇ ಅಕ್ಷರವು ಬೇರೆ ಬೇರೆ ಪದಗಳಲ್ಲಿ ಬೇರೆ ಬೇರೆಯಾಗಿ ನುಡಿಯುವುದರಿಂದ ಗಣಕಕ್ಕೆ ಸಾವಿರಾರು ಪದಗಳ ಉಚ್ಚಾರಣೆಯನ್ನು ಬಾಯಿಪಾಠ ಮಾಡಿಸಬೇಕಾಗುತ್ತದೆ. ಕನ್ನಡದಲ್ಲಾದರೋ ಬರೆದಂತೆ ಓದುತ್ತೇವೆ. ಆದುದರಿಂದ ಕ, ಕಾ, ಕಿ ಮೊದಲಾದ ಧ್ವನಿಗಳ ಚಿಕ್ಕ ಚಿಕ್ಕ ತುಣುಕುಗಳನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಹೂವಾಡಗಿತ್ತಿ ಹೂಗಳನ್ನು ಪೋಣಿಸುವಂತೆ ಅವನ್ನು ಪೋಣಿಸಿದರೆ ಪದ ನುಡಿಯುತ್ತದೆ. ಆ ದನಿ ಮನುಷ್ಯರ ದನಿಯಷ್ಟು ಇಂಪಾಗಿರಲಿಲ್ಲ, ಆದರೆ ಅರ್ಥವಾಗುವಂತಿತ್ತು. ಇದಕ್ಕೆ ದೊಡ್ಡ ಸ್ಮೃತಿಯಾಗಲಿ ಹೊರಗಿನ ಸಂಪರ್ಕವಾಗಲಿ ಬೇಕಿರಲಿಲ್ಲ. ಅಕ್ಷರಜ್ಞಾನವಿಲ್ಲದವನೂ ಗಣಕವನ್ನು ಬಳಸಬಹುದೆಂಬ ವಿಶ್ವಾಸವೇ ಈ ಪುಟ್ಟ ಯಂತ್ರದ ಆತ್ಮ.

ನಿರ್ಮಾಪಕರು ತಮ್ಮ ಜ್ಞಾನವನ್ನು ಗುಟ್ಟಾಗಿಡಲಿಲ್ಲ ಎಂಬುದೂ ಗಮನಾರ್ಹ. ಯಂತ್ರದ ವಿನ್ಯಾಸವನ್ನು ಅವರು ಬಹಿರಂಗಪಡಿಸಿದರು. ನಿಗದಿಯಾದ ಶುಲ್ಕವನ್ನು ಟ್ರಸ್ಟಿಗೆ ಕೊಟ್ಟು ಯಾವ ಸಂಸ್ಥೆ ಬೇಕಾದರೂ ಅದನ್ನು ತಯಾರಿಸಬಹುದಾಗಿತ್ತು. ತಾನು ಮಾಡಿದ ಸುಧಾರಣೆಗಳನ್ನು ಸ್ವಲ್ಪ ಕಾಲದ ಬಳಿಕ ಎಲ್ಲರೊಡನೆ ಹಂಚಿಕೊಳ್ಳಬೇಕಾಗಿತ್ತು. ತಂತ್ರಾಂಶವನ್ನು ಹೀಗೆ ಹಂಚುವುದು ಆಗಲೇ ರೂಢಿಯಲ್ಲಿತ್ತು. ಯಂತ್ರದ ವಿನ್ಯಾಸವನ್ನೂ ಹೀಗೆ ಹಂಚುವುದು ಅಂದಿನ ಮಟ್ಟಿಗೆ ಅಪರೂಪದ ಸಾಹಸವಾಗಿತ್ತು.

2004ರ ಮಾರ್ಚಿಯಲ್ಲಿ ‘ಅಮಿಡಾ’ ಎಂಬ ಹೆಸರಿನ ಸಿಂಪ್ಯೂಟರು ಮಾರಾಟಕ್ಕೆ ಬಂದಿತು. ಅದರ ಹೊಣೆ ಹೊತ್ತ ಪಿಕೋಪೆಟಾ ಎಂಬ ಸಂಸ್ಥೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೇ ಕಟ್ಟಿದ್ದರು. ಯಂತ್ರವನ್ನು ತಯಾರಿಸಿದುದು ಬೆಂಗಳೂರಿನ ಸಾರ್ವಜನಿಕ ಉದ್ದಿಮೆಯಾದ ಭಾರತ್ ಎಲೆಕ್ಟ್ರಾನಿಕ್ಸ್. ಕಪ್ಪು ಬಿಳುಪು ಪರದೆಯ ಮಾದರಿಯ ಬೆಲೆ ಸುಮಾರು 10,000 ರೂಪಾಯಿ. ಬಣ್ಣದ ಪರದೆಯದಕ್ಕೆ ಅದಕ್ಕಿಂತ ಹೆಚ್ಚು. ಅಮಿಡಾದಲ್ಲಿ ಚಲನೆಯನ್ನು ಅರಿಯುವ ಒಂದು ಸಂವೇದಕವೂ ಇತ್ತು. ಯಂತ್ರವನ್ನು ಕೈಯಲ್ಲಿ ಹಿಡಿದು ಓರೆ ಮಾಡಿದರೆ ಅದು ಅದನ್ನು ಗ್ರಹಿಸುತ್ತಿತ್ತು. ಇಂದಿನ ಮೊಬೈಲನ್ನು ಅಡ್ಡಲಾಗಿ ತಿರುಗಿಸಿದೊಡನೆ ಚಿತ್ರವೂ ತಿರುಗುವುದನ್ನು ನಾವು ಸಹಜವೆಂದು ಭಾವಿಸಿದ್ದೇವೆ. ಈ ಗುಣದಿಂದ ಲೋಕವನ್ನು ಬೆರಗುಗೊಳಿಸಿದ ಆ್ಯಪಲ್ ಸಂಸ್ಥೆಯ ಐಫೋನ್ ಬಂದುದು 2007ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ಬೆಂಗಳೂರಿನ ಯಂತ್ರದಲ್ಲಿ ಆ ಸಂವೇದಕ ನೆಲೆಸಿತ್ತು.

ಈಗ ಸಿಂಪ್ಯೂಟರನ್ನು ಇಂದಿನ ಒಂದು ಸಾಧಾರಣ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ನೋಡೋಣ. ಇಂದಿನದರಲ್ಲಿ 8 ಗಿಗಾಬೈಟ್ ಸ್ಮೃತಿ ಇರುವುದು ಸಾಮಾನ್ಯ. ಅದು ಸಿಂಪ್ಯೂಟರಿನ 64 ಮೆಗಾಬೈಟ್‌ಗಳ 128 ಪಟ್ಟು. ಸಂಗ್ರಹ 512 ಗಿಗಾಬೈಟ್ ಎಂದಿಟ್ಟುಕೊಂಡರೆ ಅದು 16,000 ಪಟ್ಟಿಗೂ ಮಿಗಿಲು. ಸಿಂಪ್ಯೂಟರಿನ ಪರದೆಯಲ್ಲಿ ಅಡ್ಡಕ್ಕೆ 320, ಉದ್ದಕ್ಕೆ 240ರಂತೆ ಒಟ್ಟು 76,800 ಚುಕ್ಕೆಗಳಿದ್ದವು. ಇಂದಿನ ಲ್ಯಾಪ್‌ಟಾಪಿನಲ್ಲಿ 1920 ಮತ್ತು 1080ರ ಗುಣಲಬ್ಧ, ಅಂದರೆ 20,73,600 ಚುಕ್ಕೆಗಳಿರುವುದು ವಾಡಿಕೆ. ಅದು ಸರಿಯಾಗಿ 27 ಪಟ್ಟು. ಇಂದಿನ ಸಂಸ್ಕಾರಕವು ಸೆಕೆಂಡಿಗೆ 300 ಕೋಟಿಗೂ ಹೆಚ್ಚು ಬಾರಿ ಮಿಡಿಯಬಲ್ಲುದು. ಅಷ್ಟೇ ಅಲ್ಲ, ಅದರೊಳಗೆ ನಾಲ್ಕೆಂಟು ಕೇಂದ್ರಗಳು ಒಮ್ಮೆಗೇ ದುಡಿಯುತ್ತವೆ. ಚಲನಚಿತ್ರ, ದೂರದವರೊಡನೆ ಮುಖಾಮುಖಿ ಮಾತು, ಸಂಕೀರ್ಣವಾದ ಲೆಕ್ಕ, ಇವೆಲ್ಲ ಅದಕ್ಕೆ ನೀರು ಕುಡಿದಷ್ಟು ಸುಲಭ. ಈ ಅಂಕಿಗಳನ್ನು ನೋಡಿದವರಿಗೆ ಹೋಲಿಕೆಯೇ ಹಾಸ್ಯಾಸ್ಪದವೆನಿಸಬಹುದು.

ಆದರೆ ಅಂಕಿಗಳು ಹೇಳದಿರುವ ಸಂಗತಿಗಳೂ ಕೆಲವುಂಟು. ಮೊದಲನೆಯದು ವಿದ್ಯುತ್ತು. ಲ್ಯಾಪ್‌ಟಾಪಿನ ಬ್ಯಾಟರಿಯನ್ನು ತುಂಬಲು ಸಾಮಾನ್ಯವಾಗಿ 45 ಅಥವಾ 65 ವಾಟ್‌ಗಳ ಚಾರ್ಜರ್ ಬೇಕು. ಸಿಂಪ್ಯೂಟರಿನಂತಹ ಅಂಗೈ ಯಂತ್ರಗಳು ಇದರ ಒಂದು ಸಣ್ಣ ಅಂಶದಲ್ಲಿಯೇ ಕೆಲಸ ಮಾಡುತ್ತಿದ್ದವು. ಅದಕ್ಕೆ ಕಾರಣ ಅವುಗಳಲ್ಲಿದ್ದ ಸಂಸ್ಕಾರಕದ ಸರಳ ವಿನ್ಯಾಸ. ಸ್ಟ್ರಾಂಗ್‌ಆರ್ಮ್ ಎಂಬುದು ಇಂಗ್ಲೆಂಡಿನಲ್ಲಿ 1985ರಲ್ಲಿ ಮೊದಲು ರೂಪುಗೊಂಡ ‘ಆರ್ಮ್’ ಎಂಬ ವಂಶಕ್ಕೆ ಸೇರಿದುದು. ಕಡಿಮೆ ವಿದ್ಯುತ್ತಿನಿಂದ ಹೆಚ್ಚು ಕೆಲಸ ಮಾಡುವುದು ಆ ವಂಶದ ಗುಣ. ಬಹುಕಾಲ ದೊಡ್ಡ ಗಣಕಗಳ ತಯಾರಕರು ಈ ವಂಶವನ್ನು ಸಣ್ಣ ಯಂತ್ರಗಳಿಗಷ್ಟೇ ತಕ್ಕುದೆಂದು ಎಣಿಸಿದ್ದರು. 2020ರಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಲ್ಯಾಪ್‌ಟಾಪುಗಳಿಗೆ ಇದೇ ವಂಶದ ಸಂಸ್ಕಾರಕವನ್ನು ಅಳವಡಿಸಿತು. ಸಣ್ಣವರಿಂದ ದೊಡ್ಡವರು ಕಲಿಯುವುದು ಯಂತ್ರಲೋಕದಲ್ಲಿಯೂ ಉಂಟು.

ಎರಡನೆಯದು ದುರಸ್ತಿ. ಹಳೆಯ ಮಾಡೆಲ್ 100ಕ್ಕೆ ಬೇಕಾದ ಸೆಲ್ಲುಗಳು ಯಾವ ಅಂಗಡಿಯಲ್ಲಿಯೂ ದೊರೆಯುವಂಥವು. ಇಂದಿನ ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಯ ತುಣುಕನ್ನು ತಾಯಿಹಲಗೆಗೆ ಬೆಸೆದುಬಿಟ್ಟಿರುವುದೂ ಬ್ಯಾಟರಿಯನ್ನು ಅಂಟಿನಿಂದ ಹಚ್ಚಿರುವುದೂ ಅಪರೂಪವಲ್ಲ. ಒಂದು ಭಾಗ ಕೆಟ್ಟರೆ ಇಡೀ ಯಂತ್ರವನ್ನೇ ದೂರದ ನಗರಕ್ಕೆ ಒಯ್ಯಬೇಕಾದೀತು. ಹರಿದ ಜಮಖಾನೆಗೆ ತೇಪೆ ಹಾಕಿ, ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದುಕೊಳ್ಳುವ ನಮ್ಮ ಜನರ ಬಾಳಿಗೆ, ತಿದ್ದಿ ಬಳಸಲಾಗದ ಯಂತ್ರವು ಎಷ್ಟರ ಮಟ್ಟಿಗೆ ಒಗ್ಗುತ್ತದೆ ಎಂಬುದು ವಿಚಾರಾರ್ಹ.

ಮೂರನೆಯದು ಭಾಷೆ. ಈ ವಿಷಯದಲ್ಲಿ ಇಂದಿನ ಲ್ಯಾಪ್‌ಟಾಪು ಬಹಳ ಮುಂದೆ ಬಂದಿದೆ ಎಂಬುದನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಕೇತಾವಳಿಯನ್ನು ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಕಡಿಮೆ ಕೀಲಿಗಳಲ್ಲಿಯೇ ಕನ್ನಡದ ಎಲ್ಲ ಅಕ್ಷರಗಳನ್ನೂ ಬರೆಯುವ ದಾರಿಯನ್ನು ತೋರಿಸಿತು. ‘ಬರಹ’, ‘ನುಡಿ’ ಮುಂತಾದ ತಂತ್ರಾಂಶಗಳು ಕನ್ನಡ ಬರವಣಿಗೆಯನ್ನು ಮನೆಮನೆಗೂ ಕಚೇರಿಗಳಿಗೂ ತಲುಪಿಸಿದವು. ಇಂದು ಯಾವ ಲ್ಯಾಪ್‌ಟಾಪಿನಲ್ಲಿಯಾದರೂ ‘ಯರಗಟ್ಟಿ’ ಎಂದು ಬರೆದರೆ ಒತ್ತು ತನ್ನ ಸ್ಥಾನವನ್ನು ತಾನೇ ಸೇರುತ್ತದೆ. ಆದರೂ ಅಂಗಡಿಯಿಂದ ತಂದ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುತ್ತವೆ. ಕನ್ನಡ ಅದರೊಳಗೆ ಇದೆ. ಆದರೆ ಹುಡುಕಿ ಕರೆದರೆ ಮಾತ್ರ ಹೊರಗೆ ಬರುತ್ತದೆ. ಸಿಂಪ್ಯೂಟರಿನಲ್ಲಿ ಅದು ಹೊಸ್ತಿಲಲ್ಲಿಯೇ ನಿಂತು ಬರಮಾಡಿಕೊಳ್ಳುತ್ತಿತ್ತು.

ಇಷ್ಟೆಲ್ಲ ಗುಣಗಳಿದ್ದ ಸಿಂಪ್ಯೂಟರು ಏಕೆ ಬಾಳಲಿಲ್ಲ? ಅದು ಉಪಯೋಗಕ್ಕೇ ಬರಲಿಲ್ಲವೆಂದು ತಿಳಿಯಬಾರದು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಕೆಲಸದಲ್ಲಿ ಅದನ್ನು ಬಳಸಿತು. ಛತ್ತೀಸಗಢದಲ್ಲಿ ಮಕ್ಕಳ ಕಲಿಕೆಗೂ, ಮೈಸೂರಿನ ಸಂಘಮಿತ್ರ ಸಂಸ್ಥೆಯಲ್ಲಿ ಕಿರುಸಾಲದ ಲೆಕ್ಕಕ್ಕೂ, ಗೋವೆಯಲ್ಲಿ ಕಬ್ಬಿಣದ ಅದಿರಿನ ಸಾಗಣೆಯ ಮೇಲ್ವಿಚಾರಣೆಗೂ ಅದು ನೆರವಾಯಿತು. ಆದರೆ ಅರ್ಧ ಲಕ್ಷ ಯಂತ್ರಗಳು ಮಾರಾಟವಾದಾವು ಎಂದು ನಿರೀಕ್ಷಿಸಿದ್ದ ಕಡೆ ಮಾರಾಟವಾದುವು ಕೆಲವೇ ಸಾವಿರ.

ಇದಕ್ಕೆ ಕಾರಣಗಳು ಹಲವು. ಗಣಕದಂತಹ ವಸ್ತುವಿನ ಬೆಲೆ ಇಳಿಯಬೇಕಾದರೆ ಅದು ಲಕ್ಷಗಟ್ಟಲೆ ತಯಾರಾಗಬೇಕು. ಲಕ್ಷಗಟ್ಟಲೆ ತಯಾರಾಗಬೇಕಾದರೆ ಅದಕ್ಕೆ ಬೇಡಿಕೆ ಇರಬೇಕು. ಬೇಡಿಕೆ ಬರಬೇಕಾದರೆ ಬೆಲೆ ಇಳಿಯಬೇಕು. ಈ ಚಕ್ರವನ್ನು ಮುರಿಯಲು ದೊಡ್ಡ ಬಂಡವಾಳ ಬೇಕಾಗಿತ್ತು, ಅದು ದೊರೆಯಲಿಲ್ಲ. ಸಂಸ್ಕಾರಕ, ಪರದೆಗಳಂತಹ ಮುಖ್ಯ ಭಾಗಗಳನ್ನು ಹೊರದೇಶಗಳಿಂದ ತರಿಸಬೇಕಾಗಿತ್ತು. ಯಂತ್ರ ಸಿದ್ಧವಾಗಿತ್ತು; ಅದರಲ್ಲಿ ತುಂಬಬೇಕಾದ ಮಾಹಿತಿ ಸಿದ್ಧವಾಗಿರಲಿಲ್ಲ. ಮಾರುಕಟ್ಟೆಯ ಧಾರಣೆ, ಹವಾಮಾನ, ಸರ್ಕಾರದ ಯೋಜನೆಗಳ ವಿವರ ಇವು ಕನ್ನಡದಲ್ಲಿ ಪ್ರತಿದಿನವೂ ದೊರೆಯುವಂತಿದ್ದರೆ ಮಾತ್ರ ರೈತನಿಗೆ ಗಣಕದ ಹಂಬಲ ಹುಟ್ಟೀತು. ಒಳ್ಳೆಯ ಕೂರಿಗೆ ಇದ್ದು ಬೀಜವೇ ಇಲ್ಲದಿದ್ದರೆ ಬಿತ್ತುವುದೇನನ್ನು? ಅಷ್ಟರಲ್ಲಿ ಮೊಬೈಲ್ ದೂರವಾಣಿಯ ಬೆಲೆ ಇಳಿಯಿತು. ಮೊದಲು ಮಾತಿಗಾಗಿ ಕೊಂಡ ಆ ಯಂತ್ರವು ಕ್ರಮೇಣ ತಾನೇ ಗಣಕವಾಗಿ ಬೆಳೆಯಿತು. ಸಿಂಪ್ಯೂಟರಿಗಾಗಿ ಕಾದಿದ್ದ ಸ್ಥಾನವನ್ನು ಅದು ಆಕ್ರಮಿಸಿತು.

ಅದೇ ಕಾಲದಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಇನ್ನೊಂದು ದಾರಿಯಿಂದ ರೈತನನ್ನು ತಲುಪಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಸೇರಿಸಿ, ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿಯನ್ನು ಮುದ್ರಿಸಿ ಕೊಡುವ ವ್ಯವಸ್ಥೆಯಾಯಿತು. ಗಣಕವು ಊರಿಗೆ ಬರಲಿಲ್ಲವಾದರೂ ಗಣಕದ ಫಲ ರೈತನಿಗೆ ದೊರೆಯಿತು. ಮುಂದೆ 2020ರಲ್ಲಿ ರಾಜ್ಯದ ರೈತರೇ ತಮ್ಮ ಹೊಲದ ಬೆಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಸರ್ಕಾರಕ್ಕೆ ಕಳುಹಿಸುವ ಬೆಳೆ ಸಮೀಕ್ಷೆಯ ವ್ಯವಸ್ಥೆ ಜಾರಿಗೆ ಬಂದಿತು. ಹೊಲದ ಬದುವಿನ ಮೇಲೆ ನಿಂತು, ಅಂಗೈಯೊಳಗಿನ ಯಂತ್ರದಲ್ಲಿ, ಕನ್ನಡದಲ್ಲಿ ಬೆಳೆಯ ವಿವರವನ್ನು ದಾಖಲಿಸುವುದು! ಸಿಂಪ್ಯೂಟರಿನ ಕನಸು ಇದಲ್ಲದೆ ಬೇರೇನಾಗಿತ್ತು? ಯಂತ್ರ ಬೇರೆಯಾಯಿತು, ಕನಸು ಸುಳ್ಳಾಗಲಿಲ್ಲ.

ಇಂತಹ ಕನಸನ್ನು ಕಂಡವರು ನಾವೊಬ್ಬರೇ ಅಲ್ಲ. ಪ್ರತಿಯೊಂದು ಮಗುವಿಗೂ ಒಂದು ಲ್ಯಾಪ್‌ಟಾಪು ಎಂಬ ಧ್ಯೇಯದಿಂದ ಅಮೆರಿಕದ ನಿಕೊಲಸ್ ನೆಗ್ರೊಪಾಂಟಿ ಅವರು 2005ರಲ್ಲಿ ಒಂದು ಯೋಜನೆಯನ್ನು ಸಾರಿದರು. ಸುಡುಬಿಸಿಲಿನಲ್ಲಿಯೂ ಓದಬಹುದಾದ ಪರದೆಯುಳ್ಳ ಪುಟ್ಟ ಹಸಿರು ಲ್ಯಾಪ್‌ಟಾಪು ಅದರ ಫಲ. ಅದೇ 2007ರಲ್ಲಿ ‘ಈ ಪಿಸಿ’ ಎಂಬ 7 ಅಂಗುಲ ಪರದೆಯ ಅಗ್ಗದ ಗಣಕವು ಮಾರುಕಟ್ಟೆಗೆ ಬಂದಿತು. ಚಿಕ್ಕದು, ಅಗ್ಗವಾದುದು, ಸರಳವಾದುದು ಸಾಕಷ್ಟು ಮಂದಿಗೆ ಸಾಕು ಎಂಬ ವಿಚಾರವು ಹೀಗೆ ಲೋಕದ ಬೇರೆ ಬೇರೆ ಕಡೆಗಳಲ್ಲಿ ಮೂಡಿತು. ಆ ವಿಚಾರದ ಮೊದಲ ಹರಿಕಾರರಲ್ಲಿ ನಮ್ಮ ನಾಡಿನವರೂ ಇದ್ದರೆಂಬುದು ನಮಗೆ ಅಭಿಮಾನದ ಸಂಗತಿ.

ಸಿಂಪ್ಯೂಟರನ್ನು ಗೆದ್ದ ಯಂತ್ರವೆನ್ನಲಾಗದು. ಸೋತ ಯಂತ್ರವೆಂದರೂ ಪೂರ್ತಿ ಸತ್ಯವಾಗದು. ವೇಗ, ಸ್ಮೃತಿ, ಪರದೆಗಳ ಲೆಕ್ಕದಲ್ಲಿ ಇಂದಿನ ಲ್ಯಾಪ್‌ಟಾಪಿನ ಮುಂದೆ ಅದು ಕೂಸು. ಆದರೆ ಅದು ಎತ್ತಿದ ಪ್ರಶ್ನೆಗಳು ಇನ್ನೂ ಹಳೆಯದಾಗಿಲ್ಲ. ಈ ಯಂತ್ರ ನಮ್ಮ ನುಡಿಯನ್ನು ಬಲ್ಲುದೆ? ಓದು ಬಾರದ ಅಜ್ಜಿಗೂ ಇದರಿಂದ ಉಪಕಾರವಾಗುವುದೆ? ಕೊಳ್ಳಲಾರದವರೂ ಇದನ್ನು ಹಂಚಿಕೊಂಡು ಬಳಸಬಹುದೆ? ಕೆಟ್ಟರೆ ನಮ್ಮೂರಿನಲ್ಲಿಯೇ ತಿದ್ದಿಕೊಳ್ಳಬಹುದೆ? ಹೊಸ ಗಣಕವನ್ನು ಕಂಡಾಗಲೆಲ್ಲ ಅದರ ಮೆಗಾಬೈಟು, ಗಿಗಾಬೈಟುಗಳ ಜೊತೆಗೆ ಈ ಪ್ರಶ್ನೆಗಳನ್ನೂ ಕೇಳುವುದನ್ನು ನಾವು ರೂಢಿಸಿಕೊಳ್ಳಬೇಕು. ಇಂದು ಯರಗಟ್ಟಿಯ, ಸವದತ್ತಿಯ, ರಾಮದುರ್ಗದ ಶಾಲೆಗಳಲ್ಲಿ ಕುಳಿತು ಗಣಕದ ಪಾಠ ಕಲಿಯುತ್ತಿರುವ ಮಕ್ಕಳೇ ನಾಳೆ ಹೊಸ ಯಂತ್ರಗಳನ್ನು ರೂಪಿಸಬೇಕಾದವರು. ತಮ್ಮ ನೆರೆಯವರ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ರೂಪಿಸಿದ ಯಂತ್ರವು ಕೂರಿಗೆಯಂತೆಯೇ ಈ ನೆಲಕ್ಕೆ ಒಗ್ಗಿ, ಬಹುಕಾಲ ಬಾಳೀತು.